ಸೀರೆ ನಡೆಸಿದ ದಿನಗಳು

ನನ್ನ ಮಗಳು ಕುಮುದಳ ಮೊದಲ ಗಾಳಿ ಬಂದ ದಿನ ತಂತಿಯ ಮೇಲೆ ಹಾಕಿದ್ದ ಕೆಂಪು ರವಿಕೆ ಕಣ ಇನ್ನೂ ನನ್ನ ಪೆಟ್ಟಿಗೆಯ ತಳದಲ್ಲಿದೆ. ನಿನ್ನೆ ಪೆಟ್ಟಿಗೆಗೆ ಬೇವಿನ ಸೊಪ್ಪು ಹಾಕೋಣವೆಂದು ಬಟ್ಟೆಯೆಲ್ಲ ಹೊರಗೆ ತೆಗೆದಾಗ ಕೈಗೆ ಸಿಕ್ಕಿತು. ಮೇಲಿನ ಎರಡು ಮೂಲೆಗಳಲ್ಲಿ ತಂತಿಯ ತುಕ್ಕಿನ ಕಲೆ ಹಾಗೇ ಇದೆ. ಅದನ್ನು ತೊಡೆಯ ಮೇಲೆ ಹರಡಿಕೊಂಡು ಎಷ್ಟು ಹೊತ್ತು ಕೂತಿದ್ದೆನೋ, ಒಲೆಯ ಮೇಲಿನ ಸಾರು ಅರ್ಧ ಬತ್ತಿಹೋಗಿತ್ತು. ಇವತ್ತು ಹಂಡೆಯಲ್ಲಿ ದಾಳಿಂಬೆ ಸಿಪ್ಪೆ ಕುದಿಯಲು ಇಟ್ಟು ಬರೆಯಲು ಕೂತಿದ್ದೇನೆ. ಅದು ಕುದಿದು ಬಣ್ಣ ಬಿಡುವಷ್ಟು ಹೊತ್ತು ನನ್ನದು.

ನಮ್ಮೂರಿನಲ್ಲಿ ಗಾಳಿ ಮಕ್ಕಳ ಹಿಂದೆ ಬರುತ್ತದೆ. ಹದಿಮೂರರಿಂದ ಹದಿನೆಂಟರ ಮಕ್ಕಳು ಓಡಿದರೆ ಉಂಟು, ಓಡದಿದ್ದರೆ ಇಲ್ಲ. ಉಳಿದ ಹೊತ್ತಿನಲ್ಲಿ ಮನೆಮನೆಯ ಹೊಗೆ ಕಂಬದ ಹಾಗೆ ನೆಟ್ಟಗೆ ನಿಂತಿರುತ್ತದೆ. ಸಂಜೆ ಐದೂವರೆಗೆ ಶಾಲೆಯ ಗಂಟೆ ಹೊಡೆಯುತ್ತಿದ್ದ ಹಾಗೆ ಮಕ್ಕಳು ತಮ್ಮ ತಮ್ಮ ಬೀದಿಗಳಲ್ಲಿ ಓಟ ಶುರುಮಾಡುತ್ತಾರೆ. ಮಾಳಿಗೆಯ ಮೇಲೆ ನಿಂತು ನೋಡಿದರೆ ಹೊಗೆಯ ಕಂಬಗಳು ಒಂದೊಂದೇ ಬೀದಿಯಲ್ಲಿ ಬಗ್ಗುವುದು ಕಾಣುತ್ತದೆ. ಇದಕ್ಕೆ ನಾವು ಗಾಳಿಗೆ ಹೋಗುವುದು ಅನ್ನುತ್ತೇವೆ. ಆ ಅರ್ಧ ಗಂಟೆಯಲ್ಲಿ ರಾಗಿ ತೂರುವವರು ರಾಗಿ ತೂರಬೇಕು, ಬಟ್ಟೆ ಹರವುವವರು ಹರವಬೇಕು, ಮುದುಕರು ಜಗುಲಿಗೆ ಬಂದು ಅಂಗಿಯ ಗುಂಡಿ ಬಿಚ್ಚಿ ಕೂರಬೇಕು. ಹತ್ತೊಂಬತ್ತು ತುಂಬಿದ ಮೇಲೆ ಎಷ್ಟು ಓಡಿದರೂ ಬೆವರು ಮಾತ್ರ.

ಮಗುವಿಗೆ ಹದಿಮೂರು ತುಂಬಿದಾಗ ತಾಯಿ ತಂತಿಯ ಮೇಲೆ ಒಂದು ಹೊಸ ಕಣ ಹಾಕಿ ಕಾಯುವುದು, ಗಾಳಿ ಬಂದರೆ ಬೀದಿಗೆಲ್ಲ ಬೆಲ್ಲದವಲಕ್ಕಿ ಹಂಚುವುದು ಪದ್ಧತಿ. ಕೆಲವರಿಗೆ ಮೊದಲ ದಿನವೇ ಬರುತ್ತದೆ, ಕೆಲವರಿಗೆ ಆರು ತಿಂಗಳು ಹಿಡಿಯುತ್ತದೆ. ಕುಮುದಳಿಗೆ ಹನ್ನೊಂದನೆಯ ದಿನ ಬಂತು. ಅವಳು ಜಡೆ ಹಾರಿಸಿಕೊಂಡು ಮನೆಯ ಮುಂದೆ ಹಾದುಹೋದಳು. ಒಂದು ಕ್ಷಣ ಬಿಟ್ಟು ಕಣದ ಕೆಳಗಿನ ಮೂಲೆ, ಕರು ಕಿವಿ ಅಲ್ಲಾಡಿಸಿದಂತೆ, ಎರಡು ಸಲ ಅಲ್ಲಾಡಿತು. "ಬಂತು!" ಎಂದು ನಾನು ಕೂಗಿದ್ದು ಬೀದಿಗೆಲ್ಲ ಕೇಳಿಸಿರಬೇಕು. ಎದುರುಮನೆಯ ತುಂಗಕ್ಕ ಮೊರ ಹಿಡಿದುಕೊಂಡೇ ಓಡಿ ಬಂದರು. ಬೀದಿಯ ಕಾಳುಕಡಿಯನ್ನೆಲ್ಲ ತೂರಿ ಹಸನು ಮಾಡಿಕೊಡುವವರು ಅವರು. ಗಾಳಿಯ ವಿಷಯದಲ್ಲಿ ಅವರ ಮಾತೇ ಮಾತು. ಕಣವನ್ನು ಮೇಲೆ ಕೆಳಗೆ ನೋಡಿ, "ಕೆಳಗಿನ ಮೂಲೆ ಮಾತ್ರ ಅಲ್ಲಾಡ್ತು ಅಂಬುಜಿ, ಮೇಲಿಂದು ಜಪ್ಪಯ್ಯ ಅನ್ಲಿಲ್ಲ. ಅವಲಕ್ಕಿ ಅರ್ಧ ಕೊಡು ಸಾಕು" ಅಂದರು. ಎಲ್ಲರೂ ನಕ್ಕೆವು. ಕುಮುದಳೂ ನಕ್ಕಳು. ಬೆಲ್ಲದವಲಕ್ಕಿಯನ್ನು ನಾನು ಬೀದಿಯ ಎಲ್ಲ ಮನೆಗೂ ತುಂಬಿದ ಬಟ್ಟಲಲ್ಲೇ ಕೊಟ್ಟೆ.

ನಮ್ಮದು ಬಣ್ಣಗಾರರ ಬೀದಿ. ಏಳು ಮನೆ. ಆಗ ಉಳಿದ ಮನೆಗಳ ಮಕ್ಕಳು ಒಂದೋ ಹತ್ತೊಂಬತ್ತು ದಾಟಿದವರು, ಇಲ್ಲವೇ ಮೂಗು ಸುರಿಸುವ ಪುಟ್ಟವರು. ಹಾಗಾಗಿ ಇಡೀ ಬೀದಿಯ ಗಾಳಿ ನಮ್ಮ ಕುಮುದ ಒಬ್ಬಳದೇ. ಅವಳ ಗಾಳಿ ತಗ್ಗಿನ ಗಾಳಿ. ಕಣಕಾಲಿನ ಹತ್ತಿರ ತಣ್ಣಗೆ ಹರಿಯುತ್ತಿತ್ತು, ಸೊಂಟ ದಾಟಿ ಮೇಲೆ ಬರುತ್ತಿದ್ದುದು ಅಪರೂಪ. ಎಣ್ಣೆಗಾಣದ ಬೀದಿಯ ಅವಳಿ ಮಕ್ಕಳ ಗಾಳಿ ಹೆಂಚು ಎತ್ತಿ ಹಾಕುವಂಥದ್ದು. ಅದು ನಮಗೆ ಬೇಕಾಗಿಯೂ ಇರಲಿಲ್ಲ. ನಮ್ಮವರು ಸೀರೆಗೆ ಬಣ್ಣ ಹಾಕುವವರು. ಬಣ್ಣದಲ್ಲಿ ಅದ್ದಿದ ಸೀರೆಗೆ ಗಾಳಿ ಕೆಳಗಿನಿಂದ ಬಂದರೆ ನೀರು ಅಂಚಿನಲ್ಲಿ ನಿಲ್ಲುವುದಿಲ್ಲ, ಬಣ್ಣ ಒಂದೇ ಸಮ ಕೂರುತ್ತದೆ. "ನಮ್ಮ ಕುಮ್ಮಿ ಗಾಳಿ ಸೀರೆಗೇಂತಲೇ ಹುಟ್ಟಿದ್ದು" ಎಂದು ನೀಲಿ ಬೆರಳುಗಳಿಂದ ಅಂಚು ಸವರುತ್ತ ನಮ್ಮವರು ಹೇಳುತ್ತಿದ್ದರು. ಹೊಗಳಿಕೆಯೆಂದೇ ಹೇಳುತ್ತಿದ್ದುದು. ನಾನೂ ಹಾಗೆಂದೇ ತಿಳಿದಿದ್ದೆ.

ಎರಡು ವರ್ಷ ಹೀಗೇ ಹೋಯಿತು. ಆ ಸಂಜೆಗಳನ್ನು ನೆನೆದರೆ ಈಗಲೂ ಕಾಲಿಗೆ ತಣ್ಣಗಾಗುತ್ತದೆ. ಗಂಟೆ ಹೊಡೆಯುವ ಮೊದಲೇ ಅವಳು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಸ್ತಿಲ ಮೇಲೆ ಒಂಟಿಕಾಲಲ್ಲಿ ಕುಣಿಯುತ್ತಿದ್ದಳು. ಹದಿನಾಲ್ಕು ಸುತ್ತು ಓಡಿ ಬಂದು, ಹಂಡೆಯ ತಣ್ಣೀರನ್ನು ತಲೆಗೇ ಸುರಿದುಕೊಂಡು, ಒದ್ದೆ ತಲೆಯಲ್ಲೇ ಊಟಕ್ಕೆ ಕೂರುತ್ತಿದ್ದಳು. ಮೂರು ಮುದ್ದೆ. "ಇವಳ ಗಾಳಿ ಎಲ್ಲಿಂದ ಬರುತ್ತೇಂತ ಈಗ ಗೊತ್ತಾಯ್ತು" ಎಂದು ಅವರಪ್ಪ ತಮಾಷೆ ಮಾಡುತ್ತಿದ್ದರು. ಊಟ ಮಾಡುತ್ತ ಮಾಡುತ್ತ ಮಾತು, ಮಾತಾಡುತ್ತಲೇ ನಿದ್ದೆ.

ಅವಳಿಗೆ ಹದಿನೈದು ತುಂಬಿದ ವರ್ಷ, ದಸರೆ ರಜೆ ಮುಗಿದ ಮೇಲೆ ಒಂದು ಸಂಜೆ ಗಂಟೆ ಹೊಡೆದರೂ ಅವಳು ಚಾಪೆಯ ಮೇಲಿಂದ ಏಳಲಿಲ್ಲ. "ಇವತ್ತು ಬೇಡಮ್ಮ" ಅಂದಳು. ಆಯಾಸವಿರಬೇಕು ಅಂದುಕೊಂಡೆ. ಮಾರನೆಯ ದಿನವೂ ಬೇಡ. ಅದರಾಚೆಯ ದಿನ ಬೇಡವೆಂದು ಹೇಳುವುದಕ್ಕೂ ಅವಳು ಬಾಯಿ ತೆರೆಯಲಿಲ್ಲ. ಸುಣ್ಣ ಉದುರಿದ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಶಾಲೆಗೆ ಹೋಗುತ್ತಿದ್ದಳು, ಬಂದು ಮಲಗುತ್ತಿದ್ದಳು. ಮೂರು ಮುದ್ದೆ ಒಂದಾಯಿತು, ಒಂದರಲ್ಲಿ ಅರ್ಧ ತಟ್ಟೆಯಲ್ಲೇ ಉಳಿಯಿತು. ಬಾಚಲು ಕರೆದರೆ ಬಂದು ಕೂರುತ್ತಿದ್ದಳು, ಆದರೆ ಸಿಕ್ಕು ಎಳೆದಾಗ 'ಅಯ್ಯೋ' ಅನ್ನುತ್ತಿರಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದ. "ಏನಾಯ್ತು ಮಗಳೇ?" "ಏನಿಲ್ಲಮ್ಮ." "ಯಾರಾದ್ರೂ ಏನಾದ್ರೂ ಅಂದ್ರಾ?" "ಇಲ್ಲಮ್ಮ." "ಹೊಟ್ಟೆನೋವಾ?" "ಏನೂ ಇಲ್ಲ ಅಂದ್ನಲ್ಲಮ್ಮ."

ನಮ್ಮ ಬೀದಿಯ ಹೊಗೆ ಹಗಲೂ ಸಂಜೆಯೂ ನೆಟ್ಟಗೆ ನಿಂತಿತು. ತುಂಗಕ್ಕನ ರಾಗಿ ಹೊಟ್ಟಿನ ಸಮೇತ ಉಳಿಯಿತು. ನಮ್ಮ ಸೀರೆಗಳ ಅಂಚಿನಲ್ಲಿ ಬಣ್ಣದ ನೀರು ಇಳಿದು ನಿಂತು, ಒಣಗಿದ ಮೇಲೆ ದಪ್ಪನೆಯ ಕಂದು ಗೆರೆ ಮೂಡತೊಡಗಿತು. ಜನ ನನ್ನನ್ನು ಕೇಳಲು ಶುರುಮಾಡಿದರು. ಒರಟಾಗಿ ಅಲ್ಲ, ಆದರೆ ಬಾವಿಕಟ್ಟೆಯಲ್ಲಿ ದಿನವೂ ಕೇಳಿದರೆ ಮೆತ್ತಗಿನ ಮಾತೂ ಚುಚ್ಚುತ್ತದೆ. "ಏನೇ ಅಂಬುಜಿ, ನಿನ್ನ ಮಗಳು ಗಾಳಿಗೆ ರಜಾ ಹಾಕಿದ್ದಾಳಾ?" ಎಂದು ತುಂಗಕ್ಕ ಕೇಳಿದ ದಿನ ನನ್ನ ಬಾಯಿಂದ ಬಂದದ್ದು ಸುಳ್ಳು: "ಕಾಲು ಉಳುಕಿದೆ ತುಂಗಕ್ಕ." ನಮ್ಮೂರಿನಲ್ಲಿ ಮಗು ಓಡದೇ ಇರುವುದಕ್ಕೆ ಎರಡೇ ಕಾರಣ ಇದ್ದವು, ಕಾಲುನೋವು ಮತ್ತು ಪರೀಕ್ಷೆ. ಪರೀಕ್ಷೆಯ ತಿಂಗಳಲ್ಲಿ ಊರಿನ ಎಲ್ಲ ಮನೆಯವರೂ ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಇಡೀ ಊರು ಬೀಸಣಿಗೆ ಹಿಡಿದು ಬೆವರುತ್ತಿತ್ತು, ಯಾರೂ ತುಟಿ ಬಿಚ್ಚುತ್ತಿರಲಿಲ್ಲ. ಪರೀಕ್ಷೆ ಇನ್ನೂ ದೂರವಿತ್ತು. ಹಾಗಾಗಿ ನಾನು ಕಾಲಿನ ಹೆಸರು ಹೇಳಿದೆ.

ತುಂಗಕ್ಕ ಒಳ್ಳೆಯವರು. ಸಂಜೆಯೊಳಗೆ ಎಲುಬು ಕಟ್ಟುವ ಕಾಳಯ್ಯನನ್ನು ಕರೆದುಕೊಂಡೇ ಬಂದರು. ಅವರು ಎಣ್ಣೆಯ ಕುಡಿಕೆ, ಬಿದಿರಿನ ಪಟ್ಟಿ, ಹಳೇ ಪಂಚೆಯ ಚೂರುಗಳನ್ನೆಲ್ಲ ಹರಡಿಕೊಂಡು ಕುಮುದಳ ಕಾಲ ಬಳಿ ಕೂತರು. "ಎಲ್ಲಿ ನೋವು ಮಗೂ?" ಅವಳು ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಬೇಡಿಕೊಂಡೆ. ಅವಳ ಕೈ ಮೊದಲು ಎದೆಯ ಹತ್ತಿರಕ್ಕೆ ಹೋದ ಹಾಗಾಯಿತು. ಆಮೇಲೆ ಕೆಳಗಿಳಿದು ಬಲಗಾಲಿನ ಹರಡಿನ ಮೇಲೆ ನಿಂತಿತು. "ಇಲ್ಲಿ" ಅಂದಳು. ಕಾಳಯ್ಯ ಅಲ್ಲಿಗೆ ಎಣ್ಣೆ ಸವರಿ, ನಾಲ್ಕು ಬಿದಿರು ಪಟ್ಟಿ ಇಟ್ಟು, ಬಿಗಿಯಾಗಿ ಸುತ್ತಿ, "ಒಂದು ತಿಂಗಳು ಅಲ್ಲಾಡಕೂಡದು" ಎಂದು ಹೇಳಿ ಎರಡು ಲೋಟ ಕಾಫಿ ಕುಡಿದು ಹೋದರು. ಏನೂ ಆಗಿರದ ಕಾಲು ಅದು. ಏಳುವುದಕ್ಕೇ ಆಗದೆ ಒದ್ದಾಡುತ್ತಿದ್ದ ಹುಡುಗಿಗೆ ಏಳಬೇಡ ಎಂದು ಕಟ್ಟಿಹಾಕಿಸಿದ್ದು ಅವಳ ತಾಯಿ.

ಸಿಪ್ಪೆ ಕುದಿಯಿತು. ಇಳಿಸಿ, ಸೋಸಿ ಬಂದೆ. ಇನ್ನು ಅದು ತಣಿಯಬೇಕು.

ಪಟ್ಟಿ ಕಟ್ಟಿದ ಮೇಲೆ ಅವಳು ಶಾಲೆಯನ್ನೂ ಬಿಟ್ಟಳು. ಚಾಪೆ ಹಗಲಿನಲ್ಲಿ ಸುತ್ತಿಡುವ ಮಾತೇ ಇಲ್ಲವಾಯಿತು. ನಮ್ಮವರು ಹೆಚ್ಚು ಮಾತಿನವರಲ್ಲ. ಒಂದು ಸಂಜೆ ಹದವಾಗಿ ಬಂದ ಅರಿಶಿನ ಹಳದಿಯ ಸೀರೆಯೊಂದು ಕಣ್ಣೆದುರಿಗೇ ಕೆಡುತ್ತಿದ್ದುದನ್ನು ನೋಡಲಾರದೆ ಒಳಗೆ ಬಂದು, "ಪುಟ್ಟೀ, ಹುಷಾರಾಗಿ ಒಂದೇ ಒಂದು ಸುತ್ತು ಹಾಕ್ಬಿಟ್ಟು ಬಾಮ್ಮ. ಈ ಹಳದಿ ಮತ್ತೆ ಬರೋದಿಲ್ಲ" ಅಂದರು. ಪಟ್ಟಿ ಸುಳ್ಳೆಂದು ಅವರಿಗೂ ಗೊತ್ತಿತ್ತು. ಅವಳು ಗೋಡೆಯ ಕಡೆಯಿಂದ ತಿರುಗದೆಯೇ, "ನಾನು ನಿಮ್ಮ ಸೀರೆ ಒಣಗಿಸೋಕಾ ಹುಟ್ಟಿದ್ದು?" ಅಂದಳು. ದನಿ ಏರಿಸಿರಲಿಲ್ಲ. ನಮ್ಮವರು ಹಿತ್ತಿಲಿಗೆ ಹೋದರು. ನಾನು ನೀರು ಕೊಡಲು ಹೋದಾಗ ಆರಿದ ಒಲೆಯ ಮುಂದೆ ಕೂತಿದ್ದರು. "ಅವಳು ಹೇಳಿದ್ದು ಸರಿ ಕಣೆ" ಅಂದರು. "ಎರಡು ವರ್ಷದಿಂದ ನಾವು ಅವಳನ್ನ ಕೇಳಿರೋದೇ ಅದೊಂದನ್ನ. ಗಾಳಿ ಬಂತಾ, ಗಾಳಿ ಬಂತಾ."

ಅದಾದ ನಾಲ್ಕೈದು ದಿನಕ್ಕೆ ನಮ್ಮವರು ಬಣ್ಣದ ಸಾಮಾನಿಗೆಂದು ಹೊಳೆಯಾಚೆ ಹೋಗಿದ್ದರು. ಹೋಗುವ ಮೊದಲು ಇನ್ನೊಂದು ಹಳದಿ ಸೀರೆ ಅದ್ದಿಟ್ಟು ಹೋಗಿದ್ದರು, ಯಾರದೋ ಮನೆಯ ಧಾರೆ ಸೀರೆ. ಹಿಂಡಿ ಹಾಕಿದರೆ ಗೆರೆ ಬೀಳುವುದು ಖಂಡಿತ. ಆಗ ನನಗೆ ನಮ್ಮತ್ತೆಯ ಕಾಲದ ಮಾತೊಂದು ನೆನಪಾಯಿತು. ಬೀದಿಯಲ್ಲಿ ಓಡುವ ಮಕ್ಕಳೇ ಇಲ್ಲದ ವರ್ಷಗಳಲ್ಲಿ ಹೆಂಗಸರು ಸೀರೆ ನಡೆಸುತ್ತಿದ್ದರಂತೆ. ಒಬ್ಬಳು ಸೆರಗು ಹಿಡಿದು ಮುಂದೆ, ಇನ್ನೊಬ್ಬಳು ಒಳತುದಿ ಹಿಡಿದು ಹಿಂದೆ, ನಡುವೆ ಹದಿನಾರು ಮೊಳದ ಒದ್ದೆ ಸೀರೆ. ಗಾಳಿ ಸೀರೆಯ ಹತ್ತಿರ ಬರದಿದ್ದರೆ ಸೀರೆಯನ್ನೇ ನಡೆಸಿಕೊಂಡು ಹೋಗುವುದು, ಒಣಗುವವರೆಗೆ. ನಾನು ಕುಮುದಳ ಚಾಪೆಯ ಬಳಿ ಹೋಗಿ ಸೆರಗಿನ ತುದಿಯನ್ನು ಚಾಚಿದೆ. ನೀರು ತೊಟ್ಟಿಕ್ಕುತ್ತಿತ್ತು.

"ಓಡ್ಬೇಡ. ಗಾಳಿನೂ ಬೇಡ. ಈ ತುದಿ ಸುಮ್ನೆ ಹಿಡ್ಕೊ ಕಂದ, ನನ್ನೊಬ್ಬಳ ಕೈಲಿ ಆಗಲ್ಲ."

ಅವಳು ಬಹಳ ಹೊತ್ತು ಆ ಹನಿಗಳನ್ನೇ ನೋಡಿದಳು. ಆಮೇಲೆ ಎದ್ದು ಕೂತಳು. ನಾನು ಕೈಕೊಡಲು ಹೋಗಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಎಳೆದುಕೊಂಡು, ಸೆರಗು ಹಿಡಿದು ಹೊಸ್ತಿಲು ದಾಟಿದಳು. ನಾನು ಒಳತುದಿ ಎತ್ತಿಕೊಂಡು ಹಿಂದೆ ನಡೆದೆ. ಬಿದಿರು ಪಟ್ಟಿ ಟಕ್ ಟಕ್ ಎಂದು ಕಲ್ಲಿಗೆ ಬಡಿಯುತ್ತಿತ್ತು. ತುಂಗಕ್ಕ ಜಗುಲಿಯಿಂದಲೇ ಕೂಗಿದರು: "ಏನೇ ಇದು ಅಂಬುಜಿ! ಒಂದು ತಿಂಗಳು ಅಲ್ಲಾಡಕೂಡದು ಅಂತ ಕಾಳಯ್ಯ ಹೇಳಿಲ್ವಾ? ಉಳುಕಿದ ಕಾಲಲ್ಲಿ ಮಗೂನ ನಡೆಸ್ತೀಯಲ್ಲ, ನಿನಗೇನು ಬುದ್ಧಿ ಗಿದ್ಧಿ ಇದೆಯಾ?"

ಸೀರೆಯ ಆ ತುದಿಯಲ್ಲಿ ಕುಮುದ ನಿಂತುಬಿಟ್ಟಳು. ತಿರುಗಿ ನೋಡಲಿಲ್ಲ. ಅವಳ ಹೆಗಲು ಮಾತ್ರ ಮೇಲಕ್ಕೇರಿತು, ಹೊಡೆತ ಬೀಳುತ್ತದೆಂದು ಕಾಯುವವರ ಹಾಗೆ. ಇನ್ನೊಂದು ಸುಳ್ಳು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಅವಳ ಹೆಗಲು ನೋಡಿ ಅದನ್ನು ನುಂಗಿಕೊಂಡೆ.

"ಕಾಲಿಗೆ ಏನೂ ಆಗಿಲ್ಲ ತುಂಗಕ್ಕ. ನಾನೇ ಸುಳ್ಳು ಹೇಳಿದ್ದು. ಅವಳಿಗೆ ಮನಸ್ಸು ಭಾರವಾಗಿದೆ. ಏಳೋಕೆ ಆಗ್ತಿಲ್ಲ."

ಜಗುಲಿಯ ಮೇಲೆ ಮೊರದ ಸದ್ದು ನಿಂತಿತು. ಬಾವಿಕಟ್ಟೆಯಲ್ಲಿದ್ದ ಇಬ್ಬರು ಕೊಡ ಕೆಳಗಿಟ್ಟರು. ತುಂಗಕ್ಕ ಏನಾದರೂ ಚುಚ್ಚುಮಾತು ಆಡುತ್ತಾರೆಂದು ನಾನು ಕಾದೆ. ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, "ನಮ್ಮ ಚಿಕ್ಕ ತಂಗಿಗೂ ಹಂಗೇ ಆಗಿತ್ತು" ಅಂದರು. "ನಾವೂ ಕಾಲು ಅಂತಲೇ ಹೇಳಿದ್ವಿ. ಕೊನೇವರೆಗೂ ಕಾಲು ಅಂತಲೇ ಹೇಳಿದ್ವಿ." ಮೊರ ಕೆಳಗಿಟ್ಟು ಕೇಳಿದರು: "ನಡೆದ್ರೆ ಹೋಗುತ್ತಾ ಅದು?"

"ಗೊತ್ತಿಲ್ಲ ತುಂಗಕ್ಕ. ಸೀರೆಯಂತೂ ಒಣಗುತ್ತೆ."

ಕುಮುದಳ ಹೆಗಲು ಇಳಿಯಿತು. ಅವಳು ಅಲ್ಲೇ ಬೀದಿಯ ನಡುವೆ ಬಗ್ಗಿ, ಒಂದು ಕೈಯಲ್ಲಿ ಸೆರಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಪಟ್ಟಿ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ತುಂಗಕ್ಕ ಇಳಿದು ಬಂದು, "ಬಿಡು, ಕಾಳಯ್ಯನ ಗಂಟು ಯಮನಿಗೂ ಬಿಚ್ಚೋಕಾಗಲ್ಲ" ಎನ್ನುತ್ತ ಹಲ್ಲಿನಿಂದ ಎಳೆದು ಬಿಚ್ಚಿ, ನಾಲ್ಕು ಬಿದಿರು ಪಟ್ಟಿಗಳನ್ನೂ ತಮ್ಮ ಒಲೆಗೆಂದು ಎತ್ತಿಕೊಂಡು ಹೋದರು. ಆ ದಿನ ನಾವು ಬಾವಿಯವರೆಗೆ ಮಾತ್ರ ಹೋಗಿ ಬಂದೆವು. ಸೀರೆ ಪೂರ್ತಿ ಒಣಗಲಿಲ್ಲ. ಅಂಚಿನಲ್ಲಿ ತೆಳ್ಳಗೆ ಗೆರೆ ಬಿತ್ತು. ಹೊಳೆಯಾಚೆಯಿಂದ ಬಂದ ನಮ್ಮವರು ಗೆರೆ ನೋಡಿದರು, ಬಿಚ್ಚಿದ ಕಾಲು ನೋಡಿದರು, ಸೀರೆಯನ್ನು ಮತ್ತೆ ಹಂಡೆಗೆ ಹಾಕಿದರು.

ಮಾರನೆಯ ದಿನದಿಂದ ಸೀರೆ ನಡೆಸುವುದು ನಮ್ಮಿಬ್ಬರ ಕೆಲಸವಾಯಿತು. ಮೊದಲು ಬಾವಿ, ಆಮೇಲೆ ಹುಣಸೆಮರ, ಆಮೇಲೆ ಕೆರೆಯ ಏರಿ. ಏರಿಯ ಮೇಲೆ ಯಾರೂ ಇರುತ್ತಿರಲಿಲ್ಲ. ಗಾಳಿಯಿಲ್ಲದ ಕಡೆ ಮಾತು ಬಹಳ ದೂರ ಕೇಳುತ್ತದೆ. ಹದಿನಾರು ಮೊಳದ ಆಚೆಯಿಂದ ಅವಳು ಪಿಸುಗುಟ್ಟಿದರೂ ನನಗೆ ಕೇಳಿಸುತ್ತಿತ್ತು. ಅವಳು ಮುಂದೆ, ನಾನು ಹಿಂದೆ. ಅವಳು ನನ್ನ ಮುಖ ನೋಡಬೇಕಾಗಿರಲಿಲ್ಲ, ನನ್ನ ಕಣ್ಣೀರು ಅವಳಿಗೆ ಕಾಣುತ್ತಿರಲಿಲ್ಲ. ಮನೆಯಲ್ಲಿ ಎರಡು ತಿಂಗಳಿಂದ ಕೇಳಿದರೂ ಬಾರದ ಮಾತು ಅಲ್ಲಿ ಕೇಳದೆ ಬಂತು.

"ಅಮ್ಮ, ಬೆಳಿಗ್ಗೆ ಎದ್ದಾಗ ಎದೆ ಮೇಲೆ ಯಾರೋ ಒದ್ದೆ ಕಂಬಳಿ ಹಾಸಿದ ಹಾಗಿರುತ್ತೆ."

ಐವತ್ತು ಹೆಜ್ಜೆ ನಡೆದೆ. ಬಟ್ಟೆಯ ವಿಷಯವಾದರೆ ನನಗೆ ಗೊತ್ತು. "ಇವತ್ತು ಎಷ್ಟು ಒದ್ದೆ ಇತ್ತು?" ಎಂದು ಕೇಳಿದೆ.

ಅವಳು ಯೋಚಿಸಿದಳು. "ಹಿಂಡಿದ್ರೆ ಒಂದು ಬಿಂದಿಗೆ."

ಆಮೇಲೆ ದಿನವೂ ಅದನ್ನೇ ಕೇಳುತ್ತಿದ್ದೆ. ಒಂದು ಬಿಂದಿಗೆ, ಮುಕ್ಕಾಲು ಬಿಂದಿಗೆ, ಮತ್ತೆ ಒಂದು ಬಿಂದಿಗೆ, ಒಂದು ಚೊಂಬು. ಹೊಳೆಯಾಚೆಯ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಾಗಲೂ ಅವಳು ಹಾಗೇ ಹೇಳಿದಳು. ಆಕೆ ನಗದೆ ಬರೆದುಕೊಂಡರು. ತಿಂಗಳಿಗೊಮ್ಮೆ ಬಂದು ಮಾತಾಡಿ ಹೋಗಬೇಕು, ನಡೆಯುವುದನ್ನು ಮಾತ್ರ ಬಿಡಬಾರದು ಅಂದರು. ಏರಿಯ ಮೇಲೆಯೇ ಒಂದು ದಿನ ಅವಳು ಶಾಲೆಯ ಡ್ರಿಲ್ ಮಾಸ್ತರರ ವಿಷಯ ಹೇಳಿದಳು. ಅವರು ಧ್ವಜದ ಕಂಬದ ನಡುಮಟ್ಟಕ್ಕೆ ಒಂದು ಕಾಗದದ ಗಿರಿಗಿಟ್ಲೆ ಕಟ್ಟಿ, ಒಬ್ಬೊಬ್ಬರನ್ನೇ ಓಡಿಸಿ, ಯಾರ ಗಾಳಿಗೆ ಎಷ್ಟು ಸುತ್ತು ತಿರುಗಿತೆಂದು ಹಲಗೆಯ ಮೇಲೆ ಬರೆದಿದ್ದರಂತೆ. ಎಣ್ಣೆಗಾಣದ ಅವಳಿಗಳಿಗೆ ನೂರ ಹತ್ತು. ಕುಮುದಳ ಗಾಳಿ ಕಂಬದ ಬುಡದ ಧೂಳನ್ನಷ್ಟೇ ಎಬ್ಬಿಸಿತು. ಅವಳ ಹೆಸರಿನ ಮುಂದೆ 'ಇಲ್ಲ' ಎಂದು ಬರೆದರು. ಹುಡುಗಿಯರು ನಕ್ಕರು. ಹಲಗೆ ಎರಡು ವಾರ ಅಳಿಸಲಿಲ್ಲ.

"ಅದಕ್ಕೇನಾ ಕಂದ ಹೀಗಾಗಿದ್ದು?"

"ಅದೂ ಒಂದು ಅಮ್ಮ" ಅಂದಳು. "ಅದೊಂದೇ ಅಲ್ಲ. ಏನೂಂತ ನನಗೂ ಗೊತ್ತಿಲ್ಲ."

ಎಲ್ಲ ದಿನವೂ ನಡೆದೆವು ಅಂತಲ್ಲ. ಪುಷ್ಯದಲ್ಲಿ ಒಂದು ವಾರ ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು. ನಾನು ಕರೆಯಲಿಲ್ಲ. ದಿನವೂ ಸಂಜೆ ಒಂದು ಒದ್ದೆ ಸೀರೆಯ ಸೆರಗನ್ನು ಬಾಗಿಲ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಬೀದಿಯಲ್ಲಿ ಕೂತಿರುತ್ತಿದ್ದೆ. ಕತ್ತಲಾದ ಮೇಲೆ ಬಿಚ್ಚಿ ಒಳಗೆ ಬರುತ್ತಿದ್ದೆ. ನಾಲ್ಕನೆಯ ದಿನ ನಮ್ಮವರು ಬಂದು ನನ್ನ ಪಕ್ಕ ಕೂತರು. ಐದನೆಯ ದಿನ ತುಂಗಕ್ಕ ಬಂದು, "ಗಂಡ ಹೆಂಡತಿ ಮೀನು ಹಿಡಿಯೋಕೆ ಕೂತಿದ್ದೀರೇನೋ ಅನ್ಸುತ್ತೆ" ಎಂದು ಹೇಳಿ ತಾವೂ ಕೂತರು. ಎಂಟನೆಯ ದಿನ ನನ್ನ ಕೈಯಲ್ಲಿದ್ದ ತುದಿ ಸಣ್ಣಗೆ ಜಗ್ಗಿತು. ತಲೆಯೆತ್ತಿ ನೋಡಿದರೆ ಕುಮುದ ಕಂಬದಿಂದ ಸೆರಗು ಬಿಚ್ಚುತ್ತಿದ್ದಳು.

ಮಾಘ ಮುಗಿಯುತ್ತ ಬಂದಿತ್ತು. ಏರಿಯ ಮೇಲೆ ತೂಬಿನ ಕಲ್ಲು ದಾಟಿ ಹೋಗುತ್ತಿದ್ದಾಗ ನಮ್ಮಿಬ್ಬರ ನಡುವೆ ಸೀರೆಯ ಹೊಟ್ಟೆ ಒಮ್ಮೆ ಮೆಲ್ಲಗೆ ಉಬ್ಬಿತು. ಕೈ ತಪ್ಪಿ ಜೋಲು ಬಿದ್ದಿರಬೇಕು ಅಂದುಕೊಂಡೆ. ಇನ್ನೊಮ್ಮೆ ಉಬ್ಬಿತು. ನನ್ನ ಕಣಕಾಲಿಗೆ ತಣ್ಣಗೆ ಏನೋ ತಾಗಿ ಹೋಯಿತು. ಈ ಸಲ 'ಬಂತು' ಎಂದು ನಾನು ಕೂಗಲಿಲ್ಲ. ಮನೆಗೆ ಬಂದ ಮೇಲೂ ಹೇಳಲಿಲ್ಲ, ನಮ್ಮವರಿಗೂ ಹೇಳಲಿಲ್ಲ. ಆ ಸಂಜೆ ಒಗ್ಗರಣೆ ಹಾಕುವಾಗ ಸಾಸಿವೆಯೆಲ್ಲ ಒಲೆಗೆ ಬಿತ್ತು, ಅಷ್ಟೇ. ಎಷ್ಟೋ ವರ್ಷಗಳಾದ ಮೇಲೆ ಕುಮುದ ನನಗೆ ಹೇಳಿದಳು, ಆ ದಿನ ಅವಳಿಗೂ ಗೊತ್ತಾಗಿತ್ತಂತೆ. "ನೀನು ಕೂಗ್ತೀಯೇನೋ ಅಂತ ಭಯ ಆಗಿತ್ತಮ್ಮ. ಕೂಗಿದ್ದಿದ್ರೆ ನಾನು ಸೆರಗು ಬಿಟ್ಟು ಮನೆಗೆ ಹೋಗ್ಬಿಡ್ತಿದ್ದೆ."

ಅಷ್ಟರಲ್ಲಿ ಪರೀಕ್ಷೆಯ ತಿಂಗಳು ಬಂತು. ಊರಿನ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು, ಹೊಗೆಯ ಕಂಬಗಳು ನೆಟ್ಟಗಾದವು. ಬಿಟ್ಟುಹೋದ ಪಾಠ ಕುಮುದಳಿಗೆ ಬೇಕಾದಷ್ಟಿತ್ತು. ಬಾವಿಕಟ್ಟೆಯಲ್ಲಿ ಯಾರೋ, "ಪರೀಕ್ಷೆ ಹೊತ್ತಲ್ಲಿ ಮಗಳನ್ನ ಏರಿ ಸುತ್ತಿಸ್ತಿದ್ದೀಯಲ್ಲ, ಮಾರ್ಕು ಕೆರೆಯಲ್ಲಿ ಬೆಳೀತಾವಾ?" ಅಂದರು. ನಾನು ಉತ್ತರ ಕೊಡುವ ಮೊದಲೇ ತುಂಗಕ್ಕ, "ನೀವು ನಿಮ್ಮ ಮಕ್ಕಳನ್ನ ಉಪ್ಪಿನಕಾಯಿ ಜಾಡಿ ಹಾಗೆ ಬಾಯಿಕಟ್ಟಿ ಇಡ್ರಿ, ಅವಳು ಅವಳ ಮಗಳನ್ನ ನಡೆಸ್ಲಿ" ಎಂದು ಗದರಿದರು. ಕುಮುದ ಬೆಳಿಗ್ಗೆ ಓದುತ್ತಿದ್ದಳು, ಸಂಜೆ ಸೀರೆ ಹಿಡಿಯುತ್ತಿದ್ದಳು. ಸೀರೆಯ ಆ ತುದಿಯಿಂದ ನದಿಗಳ ಹೆಸರು, ಸೂತ್ರಗಳು, ಪದ್ಯದ ಸಾಲುಗಳು ತೇಲಿಬರುತ್ತಿದ್ದವು. ತಪ್ಪೋ ಸರಿಯೋ ನನಗೆ ತಿಳಿಯುತ್ತಿರಲಿಲ್ಲ, ಹೂಂಗುಡುತ್ತಿದ್ದೆ.

ಒಂದು ಸಂಜೆ ನಮ್ಮವರು ಮತ್ತೊಂದು ಅರಿಶಿನ ಹಳದಿ ತೆಗೆದಿದ್ದರು. ಏರಿಯಿಂದ ನಮ್ಮ ಬೀದಿಯ ಕಡೆ ಇಳಿಯುವ ಜಾಗದಲ್ಲಿ ಕುಮುದ ನಿಂತಳು. "ಅಮ್ಮ, ಸ್ವಲ್ಪ ಜೋರಾಗಿ ಹೋಗೋಣ್ವಾ?" ಅಂದಳು. ಜೋರಾಗಿ ನಡೆದೆವು. "ಇನ್ನೂ ಸ್ವಲ್ಪ?" ನನಗೆ ಏದುಸಿರು ಬಂತು, ಉಟ್ಟ ಸೀರೆಯ ನೆರಿಗೆ ಕಾಲಿಗೆ ತೊಡರಿತು. "ನನ್ನ ಕೈಲಾಗಲ್ಲ ಕಣೆ" ಅಂದೆ. ಅವಳು ತಿರುಗಿ ನೋಡಿದಳು. ಅಷ್ಟು ದಿನದಲ್ಲಿ ಮೊದಲ ಸಲ ಸೀರೆಯ ಉದ್ದಕ್ಕೂ ಅವಳ ಮುಖ ನನಗೆ ಪೂರ್ತಿ ಕಂಡಿತು. "ಹಾಗಾದ್ರೆ ಆ ತುದಿ ಬಿಟ್ಬಿಡು" ಅಂದಳು.

ಧೂಳಿನ ಬೀದಿ. ಒದ್ದೆ ಸೀರೆ. ಬಿಟ್ಟರೆ ನೆಲಕ್ಕೆ ಬಿದ್ದು ಹಾಳಾಗುವುದು ನಿಶ್ಚಯ. ಬಿಟ್ಟೆ.

ಅವಳು ಓಡಿದಳು. ಸೆರಗನ್ನು ಎರಡೂ ಕೈಯಲ್ಲಿ ಭುಜದ ಮೇಲೆ ಹಿಡಿದುಕೊಂಡು, ಇಳಿಜಾರಿನಲ್ಲಿ, ನಮ್ಮ ಬೀದಿಯ ಉದ್ದಕ್ಕೂ ಓಡಿದಳು. ಹದಿನಾರು ಮೊಳದ ಹಳದಿ ಅವಳ ಹಿಂದೆ ಹರಿಯಿತು, ನೆಲದಿಂದ ಒಂದು ಗೇಣು ಮೇಲೆ, ಒಂದೇ ಮಟ್ಟದಲ್ಲಿ, ಯಾರೋ ಕೆಳಗಿನಿಂದ ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ. ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬಂದಳು. ಸೀರೆಯ ಅಂಚು ಒಮ್ಮೆಯೂ ಧೂಳಿಗೆ ತಾಗಲಿಲ್ಲ. ತುಂಗಕ್ಕ ಮೊರ ಎತ್ತಿಕೊಂಡು ಹೊರಗೆ ಓಡಿ ಬಂದವರು ತಗ್ಗಿನ ಗಾಳಿಗೆ ತಕ್ಕಂತೆ ಮಂಡಿಯೂರಿ ಕೂತು ರಾಗಿ ತೂರತೊಡಗಿದರು. ನಮ್ಮವರು ಮಾಳಿಗೆಯ ಮೇಲಿದ್ದರು. ಬಾಗಿಲು ಮುಚ್ಚಿದ ಆ ಊರಿನಲ್ಲಿ ಎಲ್ಲ ಬೀದಿಯ ಹೊಗೆಯೂ ನೆಟ್ಟಗೆ ನಿಂತಿತ್ತಂತೆ, ನಮ್ಮ ಬೀದಿಯದು ಮಾತ್ರ ಬುಡದಲ್ಲಿ ಬಗ್ಗಿತ್ತಂತೆ. ಅವರು ಅದನ್ನು ಯಾರಿಗೂ ಕೂಗಿ ಹೇಳಲಿಲ್ಲ. ಅವಳು ಬಂದಾಗ, "ಸುಸ್ತಾಯ್ತಾ ಪುಟ್ಟಿ?" ಎಂದಷ್ಟೇ ಕೇಳಿದರು. ಆ ರಾತ್ರಿ ಅವಳು ಎರಡು ಮುದ್ದೆ ಉಂಡಳು.

ಅದಾಗಿ ಇಪ್ಪತ್ತೆರಡು ವರ್ಷ. ಹತ್ತೊಂಬತ್ತಕ್ಕೆ ಎಲ್ಲರ ಹಾಗೆ ಅವಳ ಗಾಳಿಯೂ ಹೋಯಿತು. ಈಗ ಹೊಳೆಯಾಚೆಯ ಶಾಲೆಯೊಂದರಲ್ಲಿ ಲೆಕ್ಕ ಕಲಿಸುತ್ತಾಳೆ. ಅಲ್ಲಿ ಗಾಳಿ ತಾನಾಗಿಯೇ ಬೀಸುತ್ತದಂತೆ, ಆದರೂ ಬೆಳಿಗ್ಗೆ ಎದ್ದು ಮೂರು ಮೈಲಿ ನಡೆಯುತ್ತಾಳೆ. ತುಂಗಕ್ಕ ಇಲ್ಲ. ಕಾಳಯ್ಯನೂ ಇಲ್ಲ. ನಮ್ಮವರ ಕೈ ನಡುಗುತ್ತದೆ. ತಿಂಗಳಿಗೆ ಎರಡು ಸೀರೆಗೆ ಬಣ್ಣ ಹಾಕಿದರೆ ಹೆಚ್ಚು. ನಮ್ಮ ಬೀದಿಗೆ ಈಗ ಬೇರೆ ಮನೆಯ ಹುಡುಗನೊಬ್ಬನ ಗಾಳಿ. ಒಳ್ಳೆಯ ಗಾಳಿಯೇ, ತಲೆಯ ಮೇಲಿಂದ ಹೋಗುತ್ತದೆ. ಸೀರೆ ಮೇಲಿನಿಂದ ಒಣಗುತ್ತದೆ. ಸಂಜೆ ಜಗುಲಿಯ ಮೇಲೆ ಕೂತಾಗ ನನ್ನ ಕಣಕಾಲು ಸುಮ್ಮನೆ ಕಾಯುತ್ತಿರುತ್ತದೆ.

ಹೋದ ತಿಂಗಳು ಒಂದು ಗುರುವಾರ, ರಜೆಯೂ ಅಲ್ಲದ ದಿನ, ಮಧ್ಯಾಹ್ನದ ಬಸ್ಸಿಗೆ ಕುಮುದ ಬಂದಳು. ಕೈಯಲ್ಲಿ ಚೀಲವಿರಲಿಲ್ಲ. ತಲೆ ಬಾಚಿರಲಿಲ್ಲ. ಕಾಫಿ ಕೊಟ್ಟೆ, ಅರ್ಧ ಕುಡಿದಳು. ಜಗುಲಿಯ ಕಂಬಕ್ಕೆ ಒರಗಿ ಬೀದಿ ನೋಡುತ್ತ ಕೂತಳು. ನಾನು ಪಕ್ಕದಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದೆ. ಕಾಳು ಅರ್ಧ ಮುಗಿದಾಗ ಅವಳೇ ಕೇಳಿದಳು.

"ಅಮ್ಮ, ಒದ್ದೆ ಸೀರೆ ಏನಾದ್ರೂ ಇದೆಯಾ?"

ಮನೆಯಲ್ಲಿ ಒಂದೂ ಇರಲಿಲ್ಲ. ಬಣ್ಣ ಹಾಕಿ ಮೂರು ವಾರವಾಗಿತ್ತು. ಎಲ್ಲವೂ ಒಣಗಿ, ಮಡಚಿ, ಪೆಟ್ಟಿಗೆ ಸೇರಿದ್ದವು. "ಇದೆ, ಇರು" ಎಂದು ಹೇಳಿ ಎದ್ದೆ. ಒಳಗೆ ಹೋಗಿ ಗರಿಗರಿಯಾಗಿ ಒಣಗಿದ್ದ ಹಳದಿಯೊಂದನ್ನು ಎಳೆದುಕೊಂಡು ಹಿತ್ತಿಲ ತೊಟ್ಟಿಯಲ್ಲಿ ಅದ್ದಿದೆ. ಸದ್ದಾಗದಂತೆ ಹಿಂಡಬೇಕೆಂದರೂ ನೀರು ದಬದಬ ಸುರಿಯಿತು. ಅದು ಅವಳಿಗೆ ಕೇಳಿಸದೇ ಇದ್ದಿರಲಾರದು.

ಹೊತ್ತು ತಂದಾಗ ಅವಳು ಆಗಲೇ ಎದ್ದು, ಚಪ್ಪಲಿ ಬಿಟ್ಟು, ಬೀದಿಗೆ ಇಳಿದು ನಿಂತಿದ್ದಳು. ನಾನು ಸೆರಗು ಚಾಚಿದೆ. "ನಿಧಾನ ಹೋಗ್ಬೇಕು ಕಣೆ, ನನಗೆ ಮಂಡಿ ನೋವು" ಅಂದೆ. "ನಾನೂ ನಿಧಾನವೇ ಅಮ್ಮ" ಎಂದು ಅವಳು ಸೆರಗು ಹಿಡಿದು ಮುಂದೆ ನಡೆದಳು. ಬಾವಿ ದಾಟಿದೆವು. ಹುಣಸೆಮರದ ಹತ್ತಿರ ಬಂದಾಗ ಕೇಳಿದೆ:

"ಇವತ್ತು ಎಷ್ಟು ಒದ್ದೆ ಇತ್ತು?"